ದೊಡ್ಡ ಬಂಡಿ, ದಿನದ ದಾರಿ

ಕಳೆದ ತಿಂಗಳು ನನ್ನ ತಂಗಿಯ ಮಗ ಸಾಲದ ಅರ್ಜಿಯೊಂದನ್ನು ಹಿಡಿದುಕೊಂಡು ಮನೆಗೆ ಬಂದ. ಹಿಂಜವಡಿಯ ಕಂಪನಿಯೊಂದರಲ್ಲಿ ಅವನಿಗೆ ಕೆಲಸ. ಪುಣೆಗೆ ಬಂದು ಎರಡು ವರ್ಷವಾಯಿತು. ಅವನು ಕೊಳ್ಳಬೇಕೆಂದಿರುವುದು 650 ಸಿಸಿಯ ಮೋಟಾರ್ ಸೈಕಲ್. ಜಾಮೀನುದಾರನ ಸಹಿ ನನ್ನದಾಗಬೇಕು. "ಮಾವ, ದಿನಾ ಆಫೀಸಿಗೆ ಹೋಗೋದಕ್ಕೂ ಇದೇ ಗಾಡಿ. ಬರೀ ಭಾನುವಾರದ ಶೋಕಿಗಲ್ಲ, ನೀವು ಹಾಗೆ ತಿಳ್ಕೋಬೇಡಿ" ಎಂದ. ಸಹಿ ಹಾಕುವುದಕ್ಕೆ ಮೊದಲು ಸ್ವಲ್ಪ ಓದಿ ನೋಡುತ್ತೇನೆ ಎಂದು ಅರ್ಜಿಯನ್ನು ಇರಿಸಿಕೊಂಡೆ. ಸರ್ಕಾರಿ ನೌಕರನ ಸ್ವಭಾವವೇ ಹಾಗೆ. ಕಡತ ತಿರುವದೆ ಸಹಿ ಬೀಳುವುದಿಲ್ಲ. ಈ ಲೇಖನ ಆ ಕಡತದಿಂದ ಹುಟ್ಟಿದ್ದು.

'ದೊಡ್ಡ ಬಂಡಿ' ಎಂಬ ಮಾತು ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದಿದೆ. ನನ್ನ ಬಾಲ್ಯದ ಮೈಸೂರಿನಲ್ಲಿ ನಮ್ಮ ತಂದೆಯವರ ಯೆಜ್ಡಿಯೇ ದೊಡ್ಡ ಬಂಡಿ. 250 ಸಿಸಿಯ ಆ ಯಂತ್ರ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ನಮ್ಮೂರಿನದೇ ಎಂಬ ಹೆಮ್ಮೆ ಬೀದಿಗೆಲ್ಲ ಇತ್ತು. ಕಿಕ್ ಹೊಡೆಯುವ ಕಡ್ಡಿಯನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರಿನ ಕಡ್ಡಿಯಾಗುತ್ತಿದ್ದುದು ನಮಗೆ ಮಾಯಾವಿದ್ಯೆಯಂತೆ ಕಾಣುತ್ತಿತ್ತು. ಇಂದು 250 ಸಿಸಿಯ ಬಂಡಿಯನ್ನು ಯಾರೂ ದೊಡ್ಡದೆನ್ನುವುದಿಲ್ಲ. ಆದುದರಿಂದ ಗಾತ್ರವನ್ನು ಬದಿಗಿಟ್ಟು, ದಿನನಿತ್ಯದ ರಸ್ತೆಗೆ ಬೇಕಾದುದಕ್ಕಿಂತ ಹಲವು ಪಟ್ಟು ಶಕ್ತಿಯುಳ್ಳ ಯಂತ್ರವೆಂದೇ ಇಲ್ಲಿ ಅರ್ಥ ಮಾಡಿಕೊಳ್ಳೋಣ. ಆ ಅರ್ಥದಲ್ಲಿ ಇತಿಹಾಸದ ಮೊದಲ ದೊಡ್ಡ ಬಂಡಿಗಳಲ್ಲೊಂದು ಬ್ರಫ್ ಸುಪೀರಿಯರ್.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಜಾರ್ಜ್ ಬ್ರಫ್ ಎಂಬಾತ 1919ರಿಂದ 1940ರವರೆಗೆ ಸುಮಾರು 3000 ಬಂಡಿಗಳನ್ನಷ್ಟೇ ತಯಾರಿಸಿದ. ಅವುಗಳಲ್ಲಿ 'ಎಸ್ಎಸ್100' ಎಂಬ ಮಾದರಿ ಸುಮಾರು 1000 ಸಿಸಿಯದು. ಹೆಸರಿನಲ್ಲಿರುವ ನೂರು ಗಂಟೆಗೆ 100 ಮೈಲಿ ಎಂಬ ಭರವಸೆ. ಈ ಬಂಡಿಯ ಅತಿ ಪ್ರಸಿದ್ಧ ಒಡೆಯ ಟಿ. ಇ. ಲಾರೆನ್ಸ್. ಅರೇಬಿಯಾದ ಲಾರೆನ್ಸ್ ಎಂದು ಲೋಕ ಕೊಂಡಾಡಿದ ಈತ ಕೀರ್ತಿಯಿಂದ ತಲೆಮರೆಸಿಕೊಂಡು, ಹೆಸರು ಬದಲಾಯಿಸಿ, ವಾಯುಪಡೆಯಲ್ಲಿ ಸಾಮಾನ್ಯ ಸಿಪಾಯಿಯಾಗಿದ್ದ. ಒಂದರ ಬಳಿಕ ಒಂದರಂತೆ ಏಳು ಬ್ರಫ್‌ಗಳನ್ನು ಓಡಿಸಿದ. ಸಾಯುವಾಗ ಎಂಟನೆಯದು ತಯಾರಾಗುತ್ತಿತ್ತು. ಎಂ.ಎ. ಓದುವಾಗ ಮಾನಸಗಂಗೋತ್ರಿಯ ಗ್ರಂಥಾಲಯದಲ್ಲಿ ಆತನ 'ದಿ ಮಿಂಟ್' ಕೈಗೆ ಸಿಕ್ಕಿತ್ತು. ಪಾಠಪಟ್ಟಿಯಲ್ಲಿ ಅದು ಇರಲಿಲ್ಲ. ಅದರಲ್ಲೊಂದು ಅಧ್ಯಾಯದಲ್ಲಿ ಆತ ತನ್ನ ಬಂಡಿಯಲ್ಲಿ, ಮೇಲೆ ಹಾರುತ್ತಿದ್ದ ಬ್ರಿಸ್ಟಲ್ ಯುದ್ಧವಿಮಾನದೊಡನೆ ಪಂದ್ಯಕ್ಕಿಳಿಯುತ್ತಾನೆ. ವೇಗದ ಮತ್ತು ಇಷ್ಟು ಮಾದಕವಾದ ಗದ್ಯವನ್ನು ನಾನು ಬೇರೆಡೆ ಓದಿಲ್ಲ. ಗಮನಿಸಬೇಕಾದ ಸಂಗತಿಯೊಂದು ಆಗ ನನಗೆ ಹೊಳೆದಿರಲಿಲ್ಲ: ಆ ಪಂದ್ಯ ನಡೆದದ್ದು ಸಾರ್ವಜನಿಕ ರಸ್ತೆಯಲ್ಲಿ.

1935ರ ಮೇ 13ರಂದು, ಸೇವೆಯಿಂದ ಬಿಡುಗಡೆಯಾಗಿ ಮೂರು ತಿಂಗಳೂ ತುಂಬಿರಲಿಲ್ಲ, ಲಾರೆನ್ಸ್ ತನ್ನ ಕುಟೀರದಿಂದ ಸಮೀಪದ ಬೋವಿಂಗ್ಟನ್ ಶಿಬಿರದ ಅಂಚೆಕಚೇರಿಗೆ ಹೋದ. ಲೇಖಕ ಹೆನ್ರಿ ವಿಲಿಯಂಸನ್‌ಗೆ ತಂತಿ ಕಳುಹಿಸಿ ಹಿಂದಿರುಗುತ್ತಿದ್ದಾಗ, ರಸ್ತೆಯ ತಗ್ಗಿನಲ್ಲಿ ಮರೆಯಾಗಿದ್ದ ಇಬ್ಬರು ಸೈಕಲ್ ಹುಡುಗರು ಎದುರಾದರು. ಅವರನ್ನು ತಪ್ಪಿಸಲು ಹೊರಳಿಸಿ ಉರುಳಿಬಿದ್ದ. ತಲೆಗೆ ಏನೂ ಧರಿಸಿರಲಿಲ್ಲ. ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ಮೇ 19ರಂದು ತೀರಿಕೊಂಡ. ವಯಸ್ಸು 46. ಆ ಕ್ಷಣದ ವೇಗ ಎಷ್ಟಿತ್ತೆಂಬುದರ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಆದರೆ ನೂರು ಮೈಲಿಯಲ್ಲಿ ಧಾವಿಸುತ್ತಿದ್ದನೆಂದು ಯಾವ ಸಾಕ್ಷಿಯೂ ಹೇಳಲಿಲ್ಲ. ವಿಮಾನವನ್ನು ಸೋಲಿಸಿದ ಸವಾರ ಅಂಚೆಕಚೇರಿಯಿಂದ ಮನೆಗೆ ಬರುವ ದಾರಿಯಲ್ಲಿ ಬಿದ್ದ.

ಆತನ ಶುಶ್ರೂಷೆಗೆ ಬಂದ ವೈದ್ಯರಲ್ಲಿ ಹ್ಯೂ ಕೈರ್ನ್ಸ್ ಎಂಬ ಆಸ್ಟ್ರೇಲಿಯಾ ಮೂಲದ ಮಿದುಳಿನ ಶಸ್ತ್ರವೈದ್ಯನೂ ಒಬ್ಬ. ಉಳಿಸಲಾಗದ ಆ ರೋಗಿ ಅವನ ಮನಸ್ಸಿನಿಂದ ಹೋಗಲಿಲ್ಲ. ಎರಡನೆಯ ಮಹಾಯುದ್ಧದ ಮೊದಲ 21 ತಿಂಗಳುಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 2279 ಮೋಟಾರ್ ಸೈಕಲ್ ಸವಾರರೂ ಹಿಂಬದಿಯವರೂ ಸತ್ತಿದ್ದರು. 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಲೇಖನದಲ್ಲಿ ಕೈರ್ನ್ಸ್ ತಲೆಯ ಗಾಯಗಳನ್ನು ಪರಿಶೀಲಿಸಿದ. ಶಿರಸ್ತ್ರಾಣ ಧರಿಸಿದ್ದ ಗಾಯಾಳುಗಳು ಅವನಿಗೆ ಸಿಕ್ಕಿದ್ದು ಏಳೇ ಏಳು ಮಂದಿ. ಏಳು ಮಂದಿಯೂ ಬದುಕುಳಿದಿದ್ದರು. ಅದೇ ವರ್ಷ ಸೇನೆಯ ಸವಾರರಿಗೆ ಹೆಲ್ಮೆಟ್ ಕಡ್ಡಾಯವಾಯಿತು. ಸಾಮಾನ್ಯ ನಾಗರಿಕರಿಗೆ ಕಡ್ಡಾಯವಾದದ್ದು 1973ರಲ್ಲಿ. ಕೈರ್ನ್ಸ್ ಅದನ್ನು ಕಾಣಲು ಬದುಕಿರಲಿಲ್ಲ.

ಹೆಲ್ಮೆಟ್ಟು ಆಗ ಹೊಸ ವಸ್ತುವೇನೂ ಆಗಿರಲಿಲ್ಲವೆಂಬುದು ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡಿದ ಅಂಶ. ಬ್ರೂಕ್‌ಲ್ಯಾಂಡ್ಸ್ ಪಂದ್ಯಪಥದ ವೈದ್ಯ ಎರಿಕ್ ಗಾರ್ಡನರ್‌ನ ಪ್ರಯತ್ನದಿಂದ 1914ರ ಐಲ್ ಆಫ್ ಮ್ಯಾನ್ ಪಂದ್ಯದಲ್ಲೇ ಸ್ಪರ್ಧಿಗಳಿಗೆ ಅದು ಕಡ್ಡಾಯವಾಗಿತ್ತು. ಎಂದರೆ, ಪಂದ್ಯದ ಹಾದಿಯಲ್ಲಿ ಎದುರಿನಿಂದ ಯಾರೂ ಬಾರದ ಕಡೆ ತಲೆಗೆ ರಕ್ಷಣೆ ಬೇಕು. ಎತ್ತಿನಗಾಡಿ, ಸೈಕಲ್ಲು, ನಾಯಿ, ಶಾಲೆಯ ಮಕ್ಕಳು ಇರುವ ರಸ್ತೆಯಲ್ಲಿ ಬೇಡ ಎಂಬ ನಂಬಿಕೆ ಇಪ್ಪತ್ತೇಳು ವರ್ಷ ಬಾಳಿತು. ಪಂದ್ಯಕ್ಕೆ ತಕ್ಕ ಯಂತ್ರವನ್ನು ಮಾತ್ರ ಪೇಟೆಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾಗಿತ್ತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಬ್ರಿಟನ್ 1961ರಲ್ಲಿ ಕಲಿಯುವವರಿಗೆ 250 ಸಿಸಿಯ ಮಿತಿ ಹಾಕಿತು. 1983ರಲ್ಲಿ ಅದನ್ನು 125ಕ್ಕೆ ಇಳಿಸಿತು. ಜಪಾನು 1969ರಲ್ಲಿ ಹೋಂಡಾ ಸಿಬಿ750 ಎಂಬ ನಾಲ್ಕು ಸಿಲಿಂಡರಿನ, 67 ಅಶ್ವಶಕ್ತಿಯ ಬಂಡಿಯನ್ನು ಲೋಕಕ್ಕೆ ಕೊಟ್ಟಿತು. ತನ್ನ ಮನೆಮಕ್ಕಳಿಗೆ ಮಾತ್ರ 750 ಸಿಸಿಗಿಂತ ದೊಡ್ಡದನ್ನು ಮಾರುವುದಿಲ್ಲವೆಂದು ಅಲ್ಲಿನ ತಯಾರಕರು ಬಹುಕಾಲ ತಾವೇ ಕಟ್ಟುಹಾಕಿಕೊಂಡರು. ಫ್ರಾನ್ಸು 100 ಅಶ್ವಶಕ್ತಿಯ ಮಿತಿಯನ್ನು 2016ರವರೆಗೂ ಉಳಿಸಿಕೊಂಡಿತ್ತು. ಯುರೋಪಿನಲ್ಲಿ 2013ರಿಂದ ಲೈಸೆನ್ಸು ಮೆಟ್ಟಿಲುಗಳಾಗಿವೆ: ಮೊದಲು 11 ಕಿಲೋವ್ಯಾಟ್, ಆಮೇಲೆ 35, ಕೊನೆಗೆ ಮಿತಿಯಿಲ್ಲದ್ದು. ಇವೆಲ್ಲ ಯಂತ್ರದ ಮೇಲಿನ ದ್ವೇಷದಿಂದ ಹುಟ್ಟಿದ ಕಟ್ಟಳೆಗಳೆಂದು ನನಗೆ ತೋರುವುದಿಲ್ಲ. ಸವಾರ ಬೆಳೆಯಲಿ, ಬಂಡಿ ಅವನ ಹಿಂದೆ ಬೆಳೆಯಲಿ ಎಂಬುದಷ್ಟೇ ಅವುಗಳ ಆಶಯ.

ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಕಾನೂನು ಕೇಳಲಿಲ್ಲ. ಪೆಟ್ರೋಲಿನ ಬೆಲೆ ಕೇಳಿತು. ಐವತ್ತರ ದಶಕದಲ್ಲಿ ಮದರಾಸಿನ ತಿರುವೊಟ್ಟಿಯೂರಿನಲ್ಲಿ ನೆಲೆಯೂರಿದ ಬುಲೆಟ್ 350 ಸಿಸಿಯದಾದರೂ ಅದರ ಶಕ್ತಿ ಸುಮಾರು 18 ಅಶ್ವಶಕ್ತಿ. ಮೈ ಭಾರ, ನಡೆ ನಿಧಾನ. ಸೇನೆ, ಪೊಲೀಸು, ಹಾಲಿನ ವ್ಯಾಪಾರಿ, ಜಮೀನುದಾರ ಎಲ್ಲರೂ ಅದನ್ನು ದಿನದ ಬಳಕೆಗೇ ಇಟ್ಟುಕೊಂಡರು. 1983ರಲ್ಲಿ ಎಸ್ಕಾರ್ಟ್ಸ್ ಸಂಸ್ಥೆ ಯಮಾಹಾ ಆರ್‌ಡಿ350ನ್ನು ರಾಜದೂತ್ 350 ಎಂಬ ಹೆಸರಿನಲ್ಲಿ ತಂದಿತು. ಎಂಜಿನ್ನು ಬುಲೆಟ್ಟಿನಷ್ಟೇ ದೊಡ್ಡದು, ಮೈಭಾರ ಅದಕ್ಕಿಂತ ಕಡಿಮೆ; ಶಕ್ತಿ 30.5 ಅಶ್ವಶಕ್ತಿ! ಎರಡು ಸಿಲಿಂಡರಿನ ಆ ಟೂ-ಸ್ಟ್ರೋಕ್ ಎಂಜಿನ್ನು ಕೆಳಗಿನ ವೇಗದಲ್ಲಿ ಸಾಧುವಿನಂತಿದ್ದು, ತಿರುಗುವಿಕೆ ಒಂದು ಹಂತ ದಾಟಿದೊಡನೆ ಮೈಮೇಲೆ ಬಂದಂತೆ ನುಗ್ಗುತ್ತಿತ್ತು. ಜಪಾನಿನಲ್ಲಿ ಮುಂಚಕ್ರಕ್ಕಿದ್ದ ಡಿಸ್ಕ್ ಬ್ರೇಕು ಇಲ್ಲಿಗೆ ಬರುವಾಗ ಡ್ರಂ ಬ್ರೇಕಾಯಿತು. ಓಡುವ ಶಕ್ತಿ ಬಂತು, ನಿಲ್ಲಿಸುವ ಶಕ್ತಿ ದಾರಿಯಲ್ಲೇ ಉಳಿಯಿತು. ಆರ್‌ಡಿ ಎಂದರೆ 'ರ್‍ಯಾಪಿಡ್ ಡೆತ್' ಎಂದು ಜನ ಬಿಡಿಸಿ ಹೇಳತೊಡಗಿದರು. ಲೀಟರಿಗೆ 20–25 ಕಿಲೋಮೀಟರು ಕೊಡುವ ಬಂಡಿಗೆ ಗಿರಾಕಿಗಳೂ ಕಡಿಮೆಯೇ. ಮೈಲೇಜು ಹೆಚ್ಚಿಸಲೆಂದು ಶಕ್ತಿಯನ್ನು 27ಕ್ಕೆ ಇಳಿಸಿ ಇನ್ನೊಂದು ಮಾದರಿ ಬಂದರೂ ಪ್ರಯೋಜನವಾಗಲಿಲ್ಲ. ಅಷ್ಟರಲ್ಲಿ, 1985ರಲ್ಲಿ, 100 ಸಿಸಿಯ ಹೀರೋ ಹೋಂಡಾ ಬಂದು ಮಧ್ಯಮವರ್ಗದ ಮನೆಗಳನ್ನೆಲ್ಲ ಗೆದ್ದಿತ್ತು. ದಶಕ ಮುಗಿಯುವ ಹೊತ್ತಿಗೆ ರಾಜದೂತ್ 350ರ ಆಯುಷ್ಯವೂ ಮುಗಿಯಿತು. ಅಂದು ಯಾರಿಗೂ ಬೇಡವಾಗಿದ್ದ ಅದೇ ಬಂಡಿಯನ್ನು ಇಂದು ಹುಡುಕಿ, ರಿಪೇರಿಮಾಡಿಸಿ, ಹೊದಿಸಿಡುವವರಿದ್ದಾರೆ. ನನ್ನ ಸಹೋದ್ಯೋಗಿಯೊಬ್ಬರ ಬಳಿಯೂ ಒಂದಿದೆ. ಕಚೇರಿಗೆ ಅವರು ಸ್ಕೂಟರಿನಲ್ಲಿ ಬರುತ್ತಾರೆ.

ಅಳಿಯನ ವಾದವನ್ನೂ ಹೇಳಬೇಕು. ಅದು ಹುಡುಗಾಟದ ವಾದವಲ್ಲ. ಇಂದಿನ ದೊಡ್ಡ ಬಂಡಿಗಳಲ್ಲಿ ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕು ಇದೆ. 125 ಸಿಸಿಗಿಂತ ಹೆಚ್ಚಿನವಕ್ಕೆಲ್ಲ 2019ರಿಂದ ಎಬಿಎಸ್ ಕಡ್ಡಾಯ. ಸಣ್ಣ ಬಂಡಿಗಿಂತ ಇದು ಬೇಗ ನಿಲ್ಲುತ್ತದೆ, ಹೆದ್ದಾರಿಯಲ್ಲಿ ಲಾರಿಯನ್ನು ಬೇಗ ದಾಟಿಸುತ್ತದೆ ಎನ್ನುತ್ತಾನೆ. ಒಪ್ಪಿದೆ, 1983ರ ಡ್ರಂ ಬ್ರೇಕಿನ ಕಥೆಯನ್ನು ಅವನ ಬಂಡಿಗೆ ಅಂಟಿಸುವುದು ಅನ್ಯಾಯ. ಆದರೆ ಲಾರೆನ್ಸನ ಬಂಡಿಯಲ್ಲಿ ದೋಷವಿತ್ತೆಂದು ಯಾರು ಹೇಳಿದರು? ವಾಕಡದಿಂದ ಹಿಂಜವಡಿಗೆ ಬೆಳಿಗ್ಗೆ ಒಂಬತ್ತಕ್ಕೆ ಹೋದವರಿಗೆ ಗೊತ್ತು: ಇನ್ನೂರು ಕಿಲೋ ತೂಗುವ ಬಂಡಿಯನ್ನು ಮೊದಲ ಗೇರಿನಲ್ಲಿ, ಅರ್ಧ ಕ್ಲಚ್ಚಿನಲ್ಲಿ, ತೊಡೆಗೆ ಎಂಜಿನ್ನಿನ ಕಾವು ಬಡಿಸಿಕೊಳ್ಳುತ್ತ ತಳ್ಳಬೇಕು. ಅದರ ಶಕ್ತಿಯನ್ನು ಬಳಸಬಹುದಾದ ಹಾದಿಗಳಲ್ಲಿ ಅದಕ್ಕೆ ಪ್ರವೇಶವೇ ಇಲ್ಲ. ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ದ್ವಿಚಕ್ರ ವಾಹನಗಳಿಗೆ ನಿಷೇಧ. ಊರಿಗೆ ಹೋದಾಗಲಾದರೂ ಎಂದರೆ, ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್ 1ರಿಂದ ಅಲ್ಲಿಯೂ ನಿಷೇಧ. ಸಣ್ಣದೂ ದೊಡ್ಡದೂ ಒಟ್ಟಿಗೆ ಸರ್ವಿಸ್ ರಸ್ತೆಯಲ್ಲಿ ಹೋಗಬೇಕು.

ಸರ್ಕಾರಕ್ಕೆ ದೊಡ್ಡದು ಚಿಕ್ಕದರ ಭೇದ ತಿಳಿಯದೆಂದಲ್ಲ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿಯವರೆಗಿನ ಬಂಡಿಗೆ ಜಿಎಸ್‌ಟಿ 18 ಪ್ರತಿಶತ, ಅದರ ಮೇಲಿನದಕ್ಕೆ 40 ಪ್ರತಿಶತ. ತೆರಿಗೆಯ ಕಣ್ಣಿಗೆ ಗೆರೆ ಸ್ಪಷ್ಟವಾಗಿ ಕಾಣುತ್ತದೆ. 1988ರ ಮೋಟಾರು ವಾಹನ ಕಾಯಿದೆ ಮಾತ್ರ ಲೈಸೆನ್ಸು ಕೊಡುವಾಗ ಎರಡೇ ಜಾತಿಯನ್ನು ಎಣಿಸುತ್ತದೆ: ಗೇರಿಲ್ಲದ ಮೋಟಾರ್ ಸೈಕಲ್, ಗೇರಿರುವ ಮೋಟಾರ್ ಸೈಕಲ್. ನೂರು ಸಿಸಿಯೂ ಗೇರಿರುವುದೇ, ಸಾವಿರ ಸಿಸಿಯೂ ಗೇರಿರುವುದೇ. ಹದಿನೆಂಟು ತುಂಬಿದ ಹುಡುಗ ಒಂದು ಪರೀಕ್ಷೆಯಲ್ಲಿ ಎರಡಕ್ಕೂ ಅರ್ಹನಾಗುತ್ತಾನೆ. ನನ್ನ ಆಕ್ಷೇಪವೆಲ್ಲ ಇಲ್ಲಿದೆ. ಅಳಿಯನ ಆಸೆಯ ಮೇಲಾಗಲಿ, ಅವನು ಆರಿಸಿದ ಯಂತ್ರದ ಮೇಲಾಗಲಿ ಅಲ್ಲ. ನುರಿತ ಸವಾರನಾಗಿದ್ದರೆ ಇಷ್ಟು ಓದುತ್ತಲೇ ಇರಲಿಲ್ಲ.

ಮೊನ್ನೆ ಅವನ ಲೈಸೆನ್ಸನ್ನು ತರಿಸಿ ನೋಡಿದೆ. ಮೈಸೂರಿನಲ್ಲಿ ಪಡೆದದ್ದು. ಪರೀಕ್ಷೆಯ ದಿನ ಅವನ ತಂದೆಯ 100 ಸಿಸಿಯ ಬಂಡಿಯಲ್ಲಿ ಎಂಟರ ಆಕಾರದ ಹಾದಿಯನ್ನು ಕಾಲು ನೆಲಕ್ಕೆ ಊರದೆ ಸುತ್ತಿಬಂದನಂತೆ. ಅದಾದ ಮೇಲೆ ಅದಕ್ಕಿಂತ ದೊಡ್ಡದನ್ನು ಎಷ್ಟು ದಿನ ಓಡಿಸಿದ್ದೀಯೆ ಎಂದು ಕೇಳಿದೆ. "ಶೋರೂಮಿನಲ್ಲಿ ಟೆಸ್ಟ್ ರೈಡ್ ಕೊಟ್ಟರಲ್ಲ ಮಾವ, ಎರಡು ಕಿಲೋಮೀಟರು" ಎಂದ. ಅರ್ಜಿ ಇನ್ನೂ ನನ್ನ ಮೇಜಿನ ಮೇಲಿದೆ. ಭಾನುವಾರ ಬರುತ್ತಾನೆ. ಸಹೋದ್ಯೋಗಿಯ ಮನೆಗೆ ಕರೆದುಕೊಂಡುಹೋಗಿ ಆ ರಾಜದೂತ್ 350ನ್ನು ತೋರಿಸಬೇಕೆಂದಿದ್ದೇನೆ.