ಗಡ್ಡ, ಗುಳ್ಳೆ ಮತ್ತು ಎರಡನೇ ಬ್ಲೇಡು

ಕೆಲಸಕ್ಕೆ ಸೇರಿ ದಿನಾ ಶೇವ್ ಮಾಡಲು ಶುರು ಮಾಡಿದಾಗಿನಿಂದ ನನ್ನ ಕತ್ತಿನ ತುಂಬ ಗುಳ್ಳೆ. ಕೆಂಪಗೆ ಎದ್ದು, ಕಾಲರ್ ತಾಗಿದರೂ ಉರಿ. "ಮೊಡವೆ ಕಣೋ, ಎಣ್ಣೆ ತಿಂಡಿ ಬಿಡು" ಅಂತ ಅಮ್ಮ. ನಾನೋ, ನುಣ್ಣಗಾದರೆ ಸರಿಹೋಗುತ್ತೆ ಅಂದ್ಕೊಂಡು ಇನ್ನೂ ಒತ್ತಿ, ಕೂದಲಿನ ಎದುರು ದಿಕ್ಕಿಗೆ ಹೆರೆದೆ. ಇನ್ನೂ ಹೆಚ್ಚಾಯ್ತು! ಕೊನೆಗೆ ಚರ್ಮದ ಡಾಕ್ಟರು ಒಂದು ಹೆಸರು ಹೇಳಿದರು: ಸ್ಯೂಡೋಫಾಲಿಕ್ಯುಲೈಟಿಸ್ ಬಾರ್ಬೆ. ಈ ರೈಲುಬಂಡಿಯಂಥ ಹೆಸರನ್ನು ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಔಷಧಿಗಿಂತ ಹೆಚ್ಚಾಗಿ ಚರಿತ್ರೆ, ಅದೂ ಅಮೆರಿಕದ ಸೈನ್ಯದ್ದು.

ವಿಷಯ ಇಷ್ಟು. ಗುಂಗುರು ಕೂದಲನ್ನು ಕತ್ತರಿಸಿದಾಗ ಉಳಿಯುವ ಚೂಪು ತುದಿ, ಬೆಳೆಯುತ್ತಾ ಬಾಗಿ ಪಕ್ಕದ ಚರ್ಮಕ್ಕೇ ಚುಚ್ಚಿಕೊಳ್ಳುತ್ತೆ. ದೇಹ ತನ್ನದೇ ಕೂದಲನ್ನು ಹೊರಗಿನ ಮುಳ್ಳು ಅಂತ ತಿಳಿದು ಜಗಳಕ್ಕೆ ನಿಲ್ಲುತ್ತೆ. ಆ ಜಗಳವೇ ಗುಳ್ಳೆ. ಆಫ್ರಿಕನ್ ಮೂಲದ ಗಂಡಸರಲ್ಲಿ 45ರಿಂದ 83% ಜನಕ್ಕೆ ಇದರ ಕಾಟ ಅಂತ ವೈದ್ಯರ ಬರಹಗಳಲ್ಲಿ ಲೆಕ್ಕ ಕಾಣುತ್ತೆ.

ಕಿಂಗ್ ಕ್ಯಾಂಪ್ ಜಿಲೆಟ್ 1903ರಲ್ಲಿ ಮಾರಿದ್ದು ಬರೀ 51 ರೇಜರ್, 168 ಬ್ಲೇಡು. 1918ರಲ್ಲಿ ಅಮೆರಿಕದ ಸೈನ್ಯಕ್ಕೆ ಹೋಗಿದ್ದು 35 ಲಕ್ಷ ರೇಜರ್, 3.2 ಕೋಟಿ ಬ್ಲೇಡು. ಗ್ಯಾಸ್ ಮಾಸ್ಕು ಮುಖಕ್ಕೆ ಕಚ್ಚಿ ಕೂರಬೇಕಲ್ಲ. ಯುದ್ಧ ಮುಗಿಸಿ ಬಂದವರ ಜೊತೆ ರೇಜರೂ ಮನೆಗೆ ಬಂತು.

ಆಮೇಲೆ 1971ರಲ್ಲಿ ಜಿಲೆಟ್ ಕಂಪನಿಯ ಟ್ರ್ಯಾಕ್ ಟು, ಎರಡು ಬ್ಲೇಡಿನ ರೇಜರ್. ಮೊದಲ ಬ್ಲೇಡು ಕೂದಲನ್ನು ಎಳೆಯುತ್ತೆ. ಅದು ಒಳಗೆ ಸರಿಯುವ ಮೊದಲೇ ಎರಡನೆಯದು ಕತ್ತರಿಸುತ್ತೆ. ಇದಕ್ಕೆ ಹಿಸ್ಟೆರಿಸಿಸ್ ಅಂತ ಹೆಸರು. (ನಮಗೆ ಹಿಸ್ಟೆರಿಸಿಸ್ ಅಂದ್ರೆ ಲ್ಯಾಬಿನ ಬಿ-ಹೆಚ್ ಕರ್ವ್ ಮಾತ್ರ. ಅದು ಗಲ್ಲದ ಮೇಲೂ ಇದೆ ಅಂತ ಯಾವ ಲೆಕ್ಚರರೂ ಹೇಳಲಿಲ್ಲ :) ಎಂಜಿನಿಯರಿಂಗ್ ಆಗಿ ಸೊಗಸಾದ ಕೆಲಸವೇ. ಆದರೆ ಕತ್ತರಿಸಿದ ತುದಿ ಚರ್ಮದ ಕೆಳಗೆ ಹೋಗಿ ಕೂರುತ್ತೆ. ನೇರ ಕೂದಲಿನವನಿಗೆ ನುಣುಪು, ಗುಂಗುರು ಕೂದಲಿನವನಿಗೆ ಒಳಗಿಂದಲೇ ಚುಚ್ಚು.

ಇದಕ್ಕೆ ನಿಜವಾದ ಮದ್ದು ಗಡ್ಡ ಬಿಡೋದು. ಸೈನಿಕ ಎಲ್ಲಿ ಬಿಡ್ತಾನೆ? ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಜುಮ್ವಾಲ್ಟ್ 1970ರಲ್ಲಿ ಗಡ್ಡಕ್ಕೆ ಒಪ್ಪಿಗೆ ಕೊಟ್ಟರು. 1984ರ ಕೊನೆಯಲ್ಲಿ ಅದನ್ನು ವಾಪಸ್ ತಗೊಂಡರು. ಭೂಸೇನೆಯಲ್ಲಿ ಡಾಕ್ಟರ ಚೀಟಿ ಇದ್ದರೆ ಮಾತ್ರ ಕಾಲು ಇಂಚು ಗಡ್ಡ. 1974ರಲ್ಲಿ ಅಲೆಕ್ಸಾಂಡರ್ ಮತ್ತು ಡೆಲ್ಫ್ ಎಂಬಿಬ್ಬರು ಕರಿಯ ವೈದ್ಯರ ಸಂಘದ ಪತ್ರಿಕೆಯಲ್ಲಿ ಬರೆದ ಲೇಖನದ ತಲೆಬರಹವೇ ಸೈನ್ಯದೊಳಗಿನ ಈ ಗುಳ್ಳೆಯನ್ನು ವೈದ್ಯಕೀಯ ಸಮಸ್ಯೆಯ ಜೊತೆಗೆ ಆಡಳಿತದ, ಸಮಾಜದ ಸಮಸ್ಯೆ ಅಂತಲೂ ಕರೆಯಿತು. ನನಗೆ ಹಿಡಿಸಿದ್ದು ಇದೇ. ನಿಯಮ ಎಲ್ಲರಿಗೂ ಒಂದೇ, ಆದರೆ ಅದನ್ನು ಪಾಲಿಸೋಕೆ ರಕ್ತ ಸುರಿಸಬೇಕಾದವರು ಯಾವಾಗಲೂ ಅದೇ ಜನ.

ಸೈನ್ಯದ ಹೊರಗೂ ಇದೇ ಕಥೆ. ನೆಬ್ರಾಸ್ಕಾದಲ್ಲಿ ಡಾಮಿನೋಸ್ ಪಿಜ್ಜಾದ ಫ್ರಾಂಚೈಸಿಯೊಂದು ಗಡ್ಡ ತೆಗೆಯದ ಕರಿಯ ಡೆಲಿವರಿ ಹುಡುಗನನ್ನು ಕೆಲಸದಿಂದ ತೆಗೆಯಿತು. ಗಿರಾಕಿಗಳಿಗೆ ಗಡ್ಡ ಇಷ್ಟವಿಲ್ಲ ಅನ್ನೋ ವಾದ ಸಾಲದು ಅಂತ ಮೇಲ್ಮನವಿ ನ್ಯಾಯಾಲಯ 1993ರಲ್ಲಿ ಹೇಳಿತು.

2013ರಲ್ಲಿ ಟ್ರಿಸ್ಟನ್ ವಾಕರ್ ಇಂಥ ಚರ್ಮದವರಿಗೆಂದೇ ಬೆವೆಲ್ ಎಂಬ ರೇಜರ್ ತಂದರು. ಹೊಸತೇನಿಲ್ಲ, ತಾತನ ಕಾಲದ ಹಾಗೆ ಒಂದೇ ಬ್ಲೇಡು! 2018ರಲ್ಲಿ ಅವರ ಕಂಪನಿಯನ್ನು ಕೊಂಡಿದ್ದು ಯಾರು? ಜಿಲೆಟ್‌ನ ಒಡೆಯರಾದ ಪಿ ಅಂಡ್ ಜಿ.

ಸೈನ್ಯದ ಚೀಟಿ ಮಾತ್ರ ಬಿಗಿಯಾಗುತ್ತಾ, ಸಡಿಲವಾಗುತ್ತಾ ಬಂದಿದೆ. ವಾಯುಪಡೆ 2020ರಲ್ಲಿ ಅದನ್ನು 5 ವರ್ಷಕ್ಕೆ ವಿಸ್ತರಿಸಿತ್ತು. 2025ರಲ್ಲಿ ರಕ್ಷಣಾ ಕಾರ್ಯದರ್ಶಿ ಹೆಗ್ಸೆತ್ ಹೊರಡಿಸಿದ ಆದೇಶದ ಪ್ರಕಾರ, ಒಂದು ವರ್ಷದ ಚಿಕಿತ್ಸೆಯ ಮೇಲೂ ವಿನಾಯಿತಿ ಬೇಕಿದ್ದರೆ ಸೇವೆಯಿಂದ ಕಳಿಸುವ ಕ್ರಮ ಶುರುವಾಗುತ್ತೆ.

ನಾನು ಡಾಕ್ಟರ ಮಾತು ಕೇಳಿ ಟ್ರಿಮ್ಮರ್ ಹಿಡಿದೆ. ಎರಡು ದಿನದ ಗಡ್ಡದ ಹಾಗೆ ಕುರುಚಲು ಇರುತ್ತೆ, ಗುಳ್ಳೆ ಹೆಚ್ಚುಕಮ್ಮಿ ಹೋಗಿದೆ. ಆಫೀಸಿನಲ್ಲಿ ಇದುವರೆಗೆ ಯಾರೂ ಚೀಟಿ ಕೇಳಿಲ್ಲ.