ಪರದೆಯ ಹಿಂದಿನ ಹಾಸಿಗೆ

1917ರಲ್ಲಿ, ಅಂದು ಜರ್ಮನಿಗೆ ಸೇರಿದ್ದ ಕ್ಯೋನಿಗ್ಸ್‌ಹ್ಯೂಟ್ಟೆ ಎಂಬ ಗಣಿ ಊರಿನ ಆಸ್ಪತ್ರೆಗೆ ಕಲ್ಲಿದ್ದಲು ಕಾರ್ಮಿಕನೊಬ್ಬನನ್ನು ತರಲಾಯಿತು. ಗಟ್ಟಿಮುಟ್ಟಾದ ಯುವಕ. ಬೆನ್ನೆಲುಬು ಮುರಿದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಅವನ ಹಾಸಿಗೆಯ ಸುತ್ತ ಪರದೆ ಎಳೆದರು. ಅಲ್ಲಿ ಸ್ವಯಂಸೇವಕನಾಗಿದ್ದ ಹುಡುಗನೊಬ್ಬ ಅವನ ವಿವರ ಬರೆದುಕೊಳ್ಳಲು ಹೊರಟಾಗ, ಆ ಶ್ರಮವೇ ಬೇಡ, ಕೆಲವು ವಾರಗಳಲ್ಲಿ ಇವನು ಸಾಯುತ್ತಾನೆ ಎಂಬ ಉತ್ತರ ಬಂತು. ಐದು ವಾರಗಳಲ್ಲಿ ಅವನು ಸತ್ತ. ಆ ಹುಡುಗನ ಹೆಸರು ಲುಡ್ವಿಗ್ ಗುಟ್‌ಮನ್.

ಆ ವೈದ್ಯರನ್ನು ಕ್ರೂರಿಗಳೆಂದು ನಾವು ಹಳಿಯಬೇಕಾಗಿಲ್ಲ. ಅವರು ಹೇಳಿದ್ದು ಸಾವಿರಾರು ವರ್ಷಗಳ ಹಳೆಯ ಮಾತು. ಕ್ರಿ.ಪೂ. 1600ರ ಸುಮಾರಿಗೆ ಈಜಿಪ್ಟಿನಲ್ಲಿ ಬರೆದ ವೈದ್ಯಕೀಯ ಸುರುಳಿಯೊಂದು ಕತ್ತಿನ ಮೂಳೆ ಸರಿದು ಕೈಕಾಲು ಬಿದ್ದುಹೋದವನ ಲಕ್ಷಣಗಳನ್ನು ಕರಾರುವಾಕ್ಕಾಗಿ ವಿವರಿಸಿ, ಇದು ಚಿಕಿತ್ಸೆ ಮಾಡುವಂಥದ್ದಲ್ಲ ಎಂದು ಕೈಚೆಲ್ಲುತ್ತದೆ. ಹತ್ತನೆಯ ಶತಮಾನದ ಸ್ಪೇನ್‌ನ ಮಹಾನ್ ಶಸ್ತ್ರವೈದ್ಯ ಅಬುಲ್ ಕಾಸಿಂ ಅಝ್ಝಹ್ರಾವಿ, ಸರಿದ ಬೆನ್ನೆಲುಬನ್ನು ಎಳೆದು ಕೂರಿಸುವ ವಿಧಾನವನ್ನು ತಮ್ಮ ‘ಅತ್ತಸ್ರೀಫ್’ ಗ್ರಂಥದಲ್ಲಿ ವಿವರಿಸಿದ್ದಾರೆ. ಆದರೆ ಮೂಳೆ ಪೂರ್ಣವಾಗಿ ಸರಿದು ಮಲಮೂತ್ರದ ಹಿಡಿತ ತಪ್ಪಿದವನ ಬಗ್ಗೆ ಅವರಿಗೂ ಭರವಸೆಯಿರಲಿಲ್ಲ. ಮುಸ್ಲಿಮ್ ವಿದ್ವಾಂಸರಿಗೆ ಎಲ್ಲವೂ ಮೊದಲೇ ತಿಳಿದಿತ್ತೆಂದು ಬೀಗುವ ಚಾಳಿ ನಮ್ಮಲ್ಲಿದೆ. ಈ ವಿಷಯದಲ್ಲಿ ಹಾಗೆ ಬೀಗುವಂತಿಲ್ಲ.

ನಿಜಕ್ಕೂ ಈ ರೋಗಿಗಳನ್ನು ಕೊಲ್ಲುತ್ತಿದ್ದುದು ಯಾವುದು? ಬಹುಪಾಲು ಪ್ರಸಂಗಗಳಲ್ಲಿ ಬೆನ್ನುಹುರಿಯ ಗಾಯವಲ್ಲ. ಆರೋಗ್ಯವಂತರಾದ ನಾವು ನಿದ್ದೆಯಲ್ಲೂ ಮಗ್ಗುಲು ಬದಲಿಸುತ್ತೇವೆ. ಸ್ಪರ್ಶಜ್ಞಾನವೇ ಇಲ್ಲದವನಿಗೆ ಒಂದೇ ಕಡೆ ಒತ್ತಿ ಮಲಗಿರುವುದು ತಿಳಿಯುವುದಿಲ್ಲ. ರಕ್ತ ಸಂಚಾರ ನಿಂತು ಚರ್ಮ ಸಾಯುತ್ತದೆ, ಹುಣ್ಣು ಮೂಳೆಯವರೆಗೂ ಇಳಿಯುತ್ತದೆ. ಇನ್ನೊಂದು ಕಡೆ, ಮೂತ್ರಕೋಶ ತಾನಾಗಿ ಖಾಲಿಯಾಗದೆ ಸೋಂಕು ಮೂತ್ರಪಿಂಡಕ್ಕೆ ಏರುತ್ತದೆ. ಎರಡೂ ಕಡೆಯಿಂದ ನಂಜು ರಕ್ತಕ್ಕೆ ಸೇರುತ್ತದೆ. ಮೊದಲ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರಲ್ಲಿ ಐವರಿಗೆ ನಾಲ್ವರು ಹೀಗೆ ಸತ್ತರೆನ್ನಲಾಗುತ್ತದೆ. ಅಮೆರಿಕದ ಬಾಸ್ಟನ್‌ನಲ್ಲಿ ಡೊನಾಲ್ಡ್ ಮನ್ರೋ 1936ರಲ್ಲೇ ಇವರಿಗಾಗಿ ಪ್ರತ್ಯೇಕ ವಿಭಾಗ ತೆರೆದು, ಈ ಸಾವು ತಪ್ಪಿಸಬಹುದಾದದ್ದು ಎಂದು ತೋರಿಸಿದ್ದರು.

ಗುಟ್‌ಮನ್ ಯಹೂದಿ. ನರರೋಗ ತಜ್ಞರಾಗಿ ಬೆಳೆದ ಅವರನ್ನು 1933ರಲ್ಲಿ ನಾಝಿ ಕಾನೂನು ಸರಕಾರಿ ಆಸ್ಪತ್ರೆಯಿಂದ ಹೊರಹಾಕಿತು. 1938ರ ನವೆಂಬರ್‌ನಲ್ಲಿ ಯಹೂದಿಗಳ ಮೇಲೆ ದಾಳಿ ನಡೆದ ರಾತ್ರಿ, ಬ್ರೆಸ್ಲೌ ನಗರದ ಯಹೂದಿ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಅವರು, ಬಾಗಿಲಿಗೆ ಬಂದವರನ್ನೆಲ್ಲ ಪ್ರಶ್ನೆ ಕೇಳದೆ ದಾಖಲಿಸಿಕೊಳ್ಳಲು ಆದೇಶಿಸಿದರು. ಮರುದಿನ ಗೆಸ್ಟಪೊ ಬಂದಾಗ ಒಬ್ಬೊಬ್ಬರಿಗೂ ಒಂದೊಂದು ಕಾಯಿಲೆ ಹೇಳಿ ಹಲವರನ್ನು ಉಳಿಸಿದರು. 1939ರಲ್ಲಿ ಕುಟುಂಬದೊಂದಿಗೆ ಇಂಗ್ಲೆಂಡ್ ಸೇರಿದರು.

1944ರ ಫೆಬ್ರವರಿಯಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಹೊಸ ವಿಭಾಗ ಅವರ ಕೈಗೆ ಬಂತು. ಬೇರೆಯವರಿಗೆ ಬೇಡವಾಗಿದ್ದ ಕೆಲಸವದು. ಅವರು ಹಾಕಿದ ಮೊದಲ ನಿಯಮ ಸರಳ: ಹಗಲಿರುಳು ಎರಡು ಗಂಟೆಗೊಮ್ಮೆ ಪ್ರತಿ ರೋಗಿಯ ಮಗ್ಗುಲು ಬದಲಿಸಬೇಕು. ಅದು ನಡೆಯುತ್ತಿದೆಯೇ ಎಂದು ನಡುರಾತ್ರಿ ಸ್ವತಃ ಬಂದು ನೋಡುತ್ತಿದ್ದರು. ಮೈಗೆ ಹಾಕಿದ್ದ ಪ್ಲಾಸ್ಟರ್‌ಗಳನ್ನು ತೆಗೆಸಿದರು. ಮೂತ್ರನಳಿಕೆಯ ಸ್ವಚ್ಛತೆಯಲ್ಲಿ ರಾಜಿಯಿರಲಿಲ್ಲ. ಪೆನಿಸಿಲಿನ್ ಆ ಹೊತ್ತಿಗೆ ಬಂದದ್ದೂ ನೆರವಾಯಿತು. ಬದುಕಿ ಉಳಿದವರನ್ನು ಸುಮ್ಮನೆ ಮಲಗಿಸಲಿಲ್ಲ. ಕಸುಬು ಕಲಿಸಿದರು, ಆಟವಾಡಿಸಿದರು. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, ಆಸ್ಪತ್ರೆಯ ಅಂಗಳದಲ್ಲಿ 14 ಗಂಡಸರು ಮತ್ತು ಇಬ್ಬರು ಹೆಂಗಸರು ಗಾಲಿಕುರ್ಚಿಯಲ್ಲಿ ಕೂತು ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು. ಇಂದಿನ ಪ್ಯಾರಾಲಿಂಪಿಕ್ಸ್‌ನ ಬೇರು ಅಲ್ಲಿದೆ.

ನಮ್ಮ ನೆರೆಯ ವೆಲ್ಲೂರಿನಲ್ಲಿ ಈ ವಿದ್ಯೆ ನೆಲೆಯೂರಲು ವೈದ್ಯೆಯೊಬ್ಬರೇ ರೋಗಿಯಾಗಬೇಕಾಯಿತು. ಕೇರಳ ಮೂಲದ ಮೇರಿ ವರ್ಗೀಸ್ 1954ರ ಜನವರಿಯಲ್ಲಿ ವಾಹನ ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡರು. ನಿಲ್ಲಲಾಗದಿದ್ದರೂ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಬಳಿಕ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ತಾವೇ ಪುನಶ್ಚೇತನ ಪಡೆದು, ನ್ಯೂಯಾರ್ಕ್‌ನಲ್ಲಿ ಆ ಶಾಸ್ತ್ರ ಕಲಿತು ಮರಳಿದರು. 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಕೇಂದ್ರ ಆರಂಭವಾಯಿತು.

ನಮ್ಮ ಕಡೆ ತೆಂಗು, ಅಡಿಕೆ ಮರದಿಂದ ಬಿದ್ದು, ಬೈಕ್ ಅಪಘಾತಕ್ಕೆ ಸಿಕ್ಕಿ ಬೆನ್ನುಹುರಿ ಕಳೆದುಕೊಂಡವರು ಊರೂರಲ್ಲಿದ್ದಾರೆ. ಹೆಚ್ಚಿನವರು ದುಡಿಯುವ ವಯಸ್ಸಿನ ಗಂಡಸರು. ರೋಗಿಯನ್ನು ಕಾಣಲು ಹೋಗುವುದನ್ನು ನಾವು ಪುಣ್ಯಕಾರ್ಯವೆಂದು ಬಗೆಯುತ್ತೇವೆ. ಹಣ್ಣು ಕೊಟ್ಟು, ದುಆ ಮಾಡಿ, ಸಬ್ರ್ ಮಾಡಿ ಎಂದು ಹೇಳಿ ಅರ್ಧ ಗಂಟೆಯಲ್ಲಿ ಎದ್ದು ಬರುತ್ತೇವೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಾದವಳು ಅಲ್ಲೇ ಉಳಿಯುತ್ತಾಳೆ, ಹೆಂಡತಿಯೋ ತಾಯಿಯೋ. ಅವಳಿಗೆ ಒಂದು ರಾತ್ರಿ ಪೂರ್ತಿ ನಿದ್ದೆ ಬರುವಂತೆ ಸರದಿ ನಿಲ್ಲಲು ನೆರೆಹೊರೆಯವರು ಮುಂದಾದದ್ದನ್ನು ನಾವು ಕಂಡಿದ್ದು ಕಡಿಮೆ. ವರ್ಷ ಕಳೆದು ಅವನು ಗಾಲಿಕುರ್ಚಿಯಲ್ಲಿ ಕೂರುವಂತಾದರೂ, ಶುಕ್ರವಾರ ಅವನಿಗಾಗಿ ಪ್ರಾರ್ಥಿಸುವ ಮಸೀದಿಗೆ ಅವನು ಬರಲಾರ. ಬಾಗಿಲಲ್ಲಿ ಐದು ಮೆಟ್ಟಿಲುಗಳಿವೆ.