ಯೆಶಾಯನ ಗ್ರಂಥದ ಒಂದು ಪಾಠವಿಚಾರ

ಮೃತಸಮುದ್ರದ ಬಳಿಯ ಕುಮ್ರಾನ್ ಗುಹೆಯೊಂದರಲ್ಲಿ 1947ರಲ್ಲಿ ದೊರೆತ ಯೆಹೂದ್ಯರ ಚರ್ಮದ ಸುರುಳಿಗಳಲ್ಲಿ ಪ್ರವಾದಿಯಾದ ಯೆಶಾಯನ ಗ್ರಂಥವು ಪ್ರಮುಖವಾದುದು. 54 ಅಂಕಣಗಳುಳ್ಳ ಈ ಪ್ರತಿಯು ಕ್ರಿ. ಪೂ. ಎರಡನೆಯ ಶತಮಾನದ್ದೆಂದು ವಿದ್ವಾಂಸರು ಸಾಮಾನ್ಯವಾಗಿ ಎಣಿಸುವರು. ಹೀಬ್ರೂ ಬೈಬಲಿನ ಸಮಗ್ರಪ್ರತಿಗಳಲ್ಲಿ ಪ್ರಾಚೀನತಮವಾದ ಲೆನಿನ್‌ಗ್ರಾಡ್ ಕೋಶವಾದರೋ ಕ್ರಿ. ಶ. 1008ರದು. ನಡುವಣ ಅಂತರವು ಸಾವಿರ ವರ್ಷಗಳಿಗೂ ಮಿಕ್ಕುದು.

53ನೆಯ ಅಧ್ಯಾಯದ 11ನೆಯ ವಾಕ್ಯದಲ್ಲಿ, ದುಃಖವನ್ನನುಭವಿಸಿದ ಸೇವಕನು ‘ನೋಡುವನು’ ಎಂದಷ್ಟೇ ಪರಂಪರಾಗತ ಪಾಠವಿದೆ. ಏನನ್ನು ನೋಡುವನೆಂಬ ಆಕಾಂಕ್ಷೆಯನ್ನು ಪೂರೈಸುವ ಕರ್ಮಪದವಿಲ್ಲ. ಸುರುಳಿಯಲ್ಲಿ ‘ಬೆಳಕು’ ಎಂಬರ್ಥದ ‘ಓರ್’ ಶಬ್ದವಿದೆ.

ಹಳೆಯದೆಂಬ ಮಾತ್ರಕ್ಕೆ ಈ ಪಾಠವನ್ನು ಸ್ವೀಕರಿಸಬಹುದೇ? ಕೂಡದು. ಲಿಪಿಕಾರನು ಅರ್ಥಸೌಲಭ್ಯಕ್ಕಾಗಿ ಪದವನ್ನು ಸೇರಿಸಿರಲೂಬಹುದು. ಆದರೆ ಅದೇ ಗುಹೆಯ ಇನ್ನೊಂದು ಪ್ರತಿಯಲ್ಲಿಯೂ ಪ್ರಾಚೀನ ಗ್ರೀಕ್ ಭಾಷಾಂತರದಲ್ಲಿಯೂ ಬೆಳಕಿನ ಮಾತು ಇರುವುದರಿಂದ, ಈ ಪದವು ಮೊದಲಿದ್ದು ಬಳಿಕ ಲುಪ್ತವಾಯಿತೆಂಬುದೇ ಹೆಚ್ಚು ಸಂಭಾವ್ಯವೆಂದು ನಮಗೆ ತೋರುತ್ತದೆ.

ಆದರೂ ಇಂದಿನ ವ್ಯಾಖ್ಯಾನಕಾರನು ಅದನ್ನು ಓದುಗರಿಗೆ ತಿಳಿಸದೆ ಮೂಲದೊಳಗೆ ಸೇರಿಸಲಾಗದು. ಯೆಹೂದ್ಯ ಪಂಡಿತರು ಶತಮಾನಗಳಿಂದ ವ್ಯಾಖ್ಯಾನಿಸುತ್ತ ಬಂದುದು ಆ ಪದವಿಲ್ಲದ ವಾಕ್ಯವನ್ನೇ. ಎರಡು ಪಾಠಗಳನ್ನೂ ಮುಂದಿರಿಸಿ, ತಾನು ಒಂದನ್ನು ಆದರಿಸಿದುದಕ್ಕೆ ಕಾರಣವನ್ನು ಹೇಳುವುದೇ ಯುಕ್ತವಾದ ಮಾರ್ಗವು.